ಶ್ರೀಲಂಕೆಯ ಅರ್ಧವನ್ನಷ್ಟೇ ನೋಡಿ: ನೆಲಕ್ಕೂ ಜನಕ್ಕೂ ಹೊರೆಯಾಗದ ಪ್ರವಾಸದ ಸಮಗ್ರ ಮಾರ್ಗದರ್ಶಿ

ಕರ್ನಾಟಕದಿಂದ ಶ್ರೀಲಂಕೆಗೆ ಹೊರಡುವವರಿಗೆ ಸಿಗುವ ಪ್ಯಾಕೇಜುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಐದು ರಾತ್ರಿ, ಒಂದು ವ್ಯಾನು. ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಬೆಂಟೋಟ. ನಡುವೆ ಒಂದು ಮಸಾಲೆ ತೋಟ, ಒಂದು ರತ್ನದ ಅಂಗಡಿ, ಒಂದು ಆನೆ. ಭೂಪಟದಲ್ಲಿ ದ್ವೀಪ ಚಿಕ್ಕದಾಗಿ ಕಾಣುವುದೇ ಈ ಅವಸರಕ್ಕೆ ಮೂಲ. 65,610 ಚದರ ಕಿಲೋಮೀಟರ್ ಎಂದರೆ ನಮ್ಮ ರಾಜ್ಯದ ಮೂರನೇ ಒಂದು ಭಾಗದಷ್ಟು. ವಾರದೊಳಗೆ ಸುತ್ತಿ ಮುಗಿಸಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬೆಟ್ಟದ ದಾರಿಗಳಲ್ಲಿ ವಾಹನ ಗಂಟೆಗೆ ಮೂವತ್ತು, ನಲವತ್ತು ಕಿಲೋಮೀಟರ್ ಓಡಿದರೆ ಹೆಚ್ಚು. ಹಗಲೆಲ್ಲ ಕಿಟಕಿಯ ಗಾಜಿನಲ್ಲೇ ಕಳೆದುಹೋಗುತ್ತದೆ, ಹಣದ ದೊಡ್ಡ ಪಾಲು ಇಂಧನಕ್ಕೂ ದಾರಿಬದಿಯ ಅಂಗಡಿಗಳು ಕೊಡುವ ಕಮಿಷನ್ನಿಗೂ ಹೋಗುತ್ತದೆ. ಸಿಂಹಳೀಯರು, ಉತ್ತರ ಮತ್ತು ಪೂರ್ವದ ತಮಿಳರು, ಮುಸ್ಲಿಮರು, ಚಹಾ ಬೆಟ್ಟಗಳ ಮಲೆಯಗ ತಮಿಳರು ಇರುವ ಈ ದೇಶದಲ್ಲಿ ಯಾವ ಮನೆಯ ಹೊಸ್ತಿಲನ್ನೂ ದಾಟದೆ ಪ್ರವಾಸಿ ಮರಳಿ ಬರುತ್ತಾನೆ.

ಇದಕ್ಕೆ ಈ ಮಾರ್ಗದರ್ಶಿ ಸೂಚಿಸುವ ಪರಿಹಾರ ಒಂದೇ. ಒಂದು ಪ್ರವಾಸದಲ್ಲಿ ದ್ವೀಪದ ಅರ್ಧವನ್ನಷ್ಟೇ ಆರಿಸಿಕೊಂಡು, ಅಲ್ಲಿ ಮೂರು ಊರುಗಳಲ್ಲಿ ಮೂರು ಮೂರು ರಾತ್ರಿ ನಿಲ್ಲುವುದು. ಉಳಿದ ಹೆಜ್ಜೆಗಳೆಲ್ಲ ಈ ತೀರ್ಮಾನದ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಮಳೆಯನ್ನು ನೋಡಿ ದಿಕ್ಕನ್ನು ಆರಿಸುವುದು

ಶ್ರೀಲಂಕೆಗೆ ಎರಡು ಮಳೆಗಾಲಗಳು. ನಮ್ಮ ಮುಂಗಾರನ್ನು ತರುವ ಅದೇ ನೈಋತ್ಯ ಮಾರುತ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ, ರತ್ನಪುರ ಮತ್ತು ಮಧ್ಯದ ಬೆಟ್ಟಗಳ ಪಶ್ಚಿಮದ ಇಳಿಜಾರಿನಲ್ಲಿ ಸುರಿಯುತ್ತದೆ. ಆಗ ಪೂರ್ವ ಮತ್ತು ಉತ್ತರದ ಬಯಲುಗಳು ಒಣಗಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತದ ಸರದಿ. ಆಗ ತ್ರಿಂಕೋಮಲಿ, ಬಟ್ಟಿಕಲೋವಾ, ಜಾಫ್ನಾ ಕಡೆ ಮಳೆ, ದಕ್ಷಿಣ ಮತ್ತು ಪಶ್ಚಿಮ ಕರಾವಳಿಯಲ್ಲಿ ತಿಳಿಯಾದ ಕಡಲು. ಅಲ್ಲಿನ ರೈತರು ವರ್ಷದ ಎರಡು ಬೆಳೆಗಳನ್ನು ‘ಯಲ’ ಮತ್ತು ‘ಮಹ’ ಎಂದು ಕರೆದು ಈ ಎರಡು ಮಾರುತಗಳಿಗೇ ಕಟ್ಟಿದ್ದಾರೆ. ಪ್ರವಾಸಿಯೂ ಅದೇ ಪಂಚಾಂಗವನ್ನು ನಂಬುವುದು ಲೇಸು.

ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ರಜೆ ಸಿಗುವುದಾದರೆ ನೈಋತ್ಯದ ಅರ್ಧವನ್ನು ಆರಿಸಿಕೊಳ್ಳಿ: ಗಾಲೆ ಕೋಟೆ, ಮಿರಿಸ್ಸದ ಕಡಲು, ಸಿಂಹರಾಜ ಕಾಡು, ಶ್ರೀಪಾದ, ಚಹಾ ಬೆಟ್ಟಗಳು. ಮಕ್ಕಳ ಬೇಸಿಗೆ ರಜೆಯ ಕೊನೆಯ ದಿನಗಳಿಂದ ಸೆಪ್ಟೆಂಬರ್‌ವರೆಗಿನ ಅವಧಿಯಾದರೆ ಈಶಾನ್ಯದ ಅರ್ಧ: ಜಾಫ್ನಾ, ಅನುರಾಧಪುರ, ಪೊಲೊನ್ನರುವ, ಮಿನ್ನೇರಿಯ, ತ್ರಿಂಕೋಮಲಿ. ಇದು ಕೇವಲ ಹವಾಮಾನದ ಅನುಕೂಲವಲ್ಲ. ಪೂರ್ವ ಕರಾವಳಿ 2004ರ ಸುನಾಮಿಯನ್ನೂ 2009ರವರೆಗಿನ ಯುದ್ಧವನ್ನೂ ಉಂಡ ನೆಲ. ಅಲ್ಲಿನ ಸಣ್ಣ ವಸತಿಗೃಹಗಳ ವರ್ಷದ ದುಡಿಮೆ ಆ ನಾಲ್ಕೈದು ತಿಂಗಳುಗಳಲ್ಲೇ ಆಗಬೇಕು. ಆಗ ನಾವೆಲ್ಲರೂ ಮಳೆಯಲ್ಲಿ ತೊಯ್ಯುತ್ತಿರುವ ಬೆಂಟೋಟದಲ್ಲೇ ಕುಳಿತರೆ ಯಾರಿಗೂ ಲಾಭವಿಲ್ಲ.

ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳನ್ನು ಬಿಟ್ಟುಬಿಡಿ. ಎರಡು ಮಾರುತಗಳ ನಡುವಿನ ಆ ಕಾಲದಲ್ಲಿ ದ್ವೀಪದ ಎಲ್ಲೆಡೆ ಮಧ್ಯಾಹ್ನದ ಗುಡುಗುಮಳೆ ಸಾಮಾನ್ಯ, ಚಂಡಮಾರುತಗಳ ಭಯವೂ ಇದೆ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದ ನೆರೆ ಮತ್ತು ಭೂಕುಸಿತಗಳಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ರೈಲುಮಾರ್ಗಕ್ಕೂ ರಸ್ತೆಗಳಿಗೂ ಭಾರಿ ಹಾನಿಯಾಯಿತು. ಆದ್ದರಿಂದ ಬೆಟ್ಟಸೀಮೆಗೆ ಹೊರಡುವ ಮೊದಲು ಯಾವ ಮಾರ್ಗ ತೆರೆದಿದೆ, ಯಾವ ಕಾಲುದಾರಿ ಮುಚ್ಚಿದೆ ಎಂಬುದನ್ನು ಉಳಿದುಕೊಳ್ಳುವ ಮನೆಯವರನ್ನೇ ಕೇಳಿ ತಿಳಿದುಕೊಳ್ಳಿ. ಅವರಿಗಿಂತ ಸರಿಯಾದ ಸುದ್ದಿ ಬೇರೆಲ್ಲೂ ಸಿಗದು.

ಏಪ್ರಿಲ್ 13 ಮತ್ತು 14ರ ಬಗ್ಗೆ ಒಂದು ಮಾತು. ತುಳುನಾಡಿನಲ್ಲಿ ಬಿಸು ಆಚರಿಸುವ ಹೊತ್ತಿಗೇ ಅಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ. ಹಳೆಯ ವರ್ಷ ಮುಗಿದು ಹೊಸದು ಹುಟ್ಟುವ ನಡುವಿನ ಕೆಲವು ಗಂಟೆ ಒಲೆಯನ್ನೂ ಹಚ್ಚದೆ ಎಲ್ಲ ಕೆಲಸವನ್ನೂ ನಿಲ್ಲಿಸಿ, ಅನಂತರ ಪಂಚಾಂಗ ಹೇಳಿದ ಗಳಿಗೆಯಲ್ಲಿ ಒಲೆ ಹೊತ್ತಿಸಿ ಹಾಲು ಉಕ್ಕಿಸುತ್ತಾರೆ. ಯಾರಾದರೂ ಮನೆಗೆ ಕರೆದಿದ್ದರೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕರೆಯುವವರಿಲ್ಲದಿದ್ದರೆ ಆ ವಾರ ಹೋಗಬೇಡಿ. ಅಂಗಡಿಗಳು ಮುಚ್ಚಿರುತ್ತವೆ, ಊರಿಗೆ ಹೊರಟವರಿಂದ ಬಸ್ಸು ರೈಲುಗಳು ತುಂಬಿ ತುಳುಕುತ್ತವೆ, ಆ ಸೀಟು ನಮಗಿಂತ ಅವರಿಗೆ ಹೆಚ್ಚು ಬೇಕು.

ಎರಡನೆಯ ಹೆಜ್ಜೆ: ತಲುಪುವ ದಾರಿ

ನೈಋತ್ಯದ ಅರ್ಧಕ್ಕೆ ಹೋಗುವವರಿಗೆ ವಿಮಾನವೇ ಗತಿ. ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆಯ ಆಸುಪಾಸು. ಈಶಾನ್ಯವನ್ನು ಆರಿಸಿಕೊಂಡವರಿಗೆ ಮಾತ್ರ ಇನ್ನೊಂದು ದಾರಿಯಿದೆ. ತಮಿಳುನಾಡಿನ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸನ್‌ತುರೈಗೆ 2023ರ ಅಕ್ಟೋಬರ್‌ನಲ್ಲಿ ಪ್ರಯಾಣಿಕರ ಹಡಗು ಆರಂಭವಾಗಿ, ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ದಾಟಲು ನಾಲ್ಕು ಗಂಟೆಯಷ್ಟು ಬೇಕು. ಬೆಂಗಳೂರಿನಿಂದ ತಂಜಾವೂರಿನ ಮಾರ್ಗವಾಗಿ ರೈಲಿನಲ್ಲಿ ನಾಗಪಟ್ಟಣ ಮುಟ್ಟಬಹುದಾದ್ದರಿಂದ, ವಿಮಾನವನ್ನೇ ಹತ್ತದೆ ಬೇರೊಂದು ದೇಶಕ್ಕೆ ಹೋಗಿಬರುವ ಅಪರೂಪದ ಅವಕಾಶವಿದು. ಹಿಂಗಾರಿನ ತಿಂಗಳುಗಳಲ್ಲಿ ಸೇವೆ ನಿಲ್ಲುತ್ತದೆ, ಕಡಲು ಕೆಟ್ಟರೆ ಬೇರೆ ದಿನಗಳಲ್ಲೂ ರದ್ದಾಗುತ್ತದೆ, ಸಾಮಾನಿನ ತೂಕಕ್ಕೆ ಮಿತಿಯಿದೆ. ಆದ್ದರಿಂದ ಮರಳುವಾಗ ಒಂದೆರಡು ದಿನದ ಬಿಡುವನ್ನು ಇಟ್ಟುಕೊಳ್ಳದವರು ಈ ದಾರಿ ಹಿಡಿಯಬಾರದು.

ವೀಸಾ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತಿವೆ. ಶ್ರೀಲಂಕಾ ಸರ್ಕಾರದ ಇಟಿಎ (ವಿದ್ಯುನ್ಮಾನ ಪ್ರಯಾಣ ಅನುಮತಿ) ಜಾಲತಾಣದಲ್ಲೇ ನೋಡಿ ಅರ್ಜಿ ಹಾಕಿ. ಅದೇ ಹೆಸರನ್ನು ಹೋಲುವ ಮಧ್ಯವರ್ತಿಗಳ ತಾಣಗಳು ಹಲವಾರಿವೆ.

ಮೂರನೆಯ ಹೆಜ್ಜೆ: ರೈಲು, ಬಸ್ಸು, ಸೈಕಲ್ಲು

ಮೂರೇ ಊರುಗಳಲ್ಲಿ ನಿಲ್ಲುವುದಾದರೆ ದಿನವಿಡೀ ಕಾಯುವ ವ್ಯಾನು ಬೇಕಿಲ್ಲ. ಕೊಲಂಬೊ ಫೋರ್ಟ್‌ನಿಂದ ಬದುಲ್ಲದವರೆಗಿನ ಸುಮಾರು 290 ಕಿಲೋಮೀಟರ್ ಬೆಟ್ಟದ ಮಾರ್ಗ ಜಗತ್ತಿಗೆಲ್ಲ ಹೆಸರಾದದ್ದು, ಹಾಗಾಗಿಯೇ ಅದರ ಕಾಯ್ದಿರಿಸಿದ ಸೀಟುಗಳು ಬಿಡುಗಡೆಯಾದ ಗಳಿಗೆಯಲ್ಲೇ ಮಾಯವಾಗಿ ಕಾಳಸಂತೆಯಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಳ್ಳುತ್ತವೆ. ಕಾಳಸಂತೆಯ ಟಿಕೆಟ್ ಕೊಳ್ಳಬೇಡಿ. ಪ್ರಯಾಣಕ್ಕೆ ಮೂವತ್ತು ದಿನ ಮುಂಚೆ ಕಾಯ್ದಿರಿಸುವಿಕೆ ತೆರೆಯುತ್ತದೆ; ಆಗ ಸಿಗದಿದ್ದರೆ ಮೂರನೆಯ ದರ್ಜೆಯ ಸಾಮಾನ್ಯ ಟಿಕೆಟ್ ಪಡೆದು, ಜನಸಂದಣಿಯಿರುವ ಕ್ಯಾಂಡಿ–ನಾನು ಓಯ ಭಾಗವನ್ನು ಬಿಟ್ಟು, ಹಪುತಲೆ ಮತ್ತು ಬದುಲ್ಲದ ನಡುವಿನ ತುಣುಕಿನಲ್ಲಿ ಹೋಗಿಬನ್ನಿ. ದೆಮೊದರದಲ್ಲಿ ಹಳಿ ಸುತ್ತುವರಿದು ತನ್ನ ಕೆಳಗೇ ತಾನು ಹಾದುಹೋಗುವುದನ್ನು ನೋಡಲು ಇಷ್ಟು ಸಾಕು. ಬಾಗಿಲಿಗೆ ಜೋತುಬಿದ್ದು ಚಿತ್ರ ತೆಗೆಸಿಕೊಳ್ಳಲು ಹೋಗಿ ವಿದೇಶೀಯರು ಸತ್ತಿರುವ ಮಾರ್ಗವಿದು ಎಂಬುದು ನೆನಪಿರಲಿ.

ಉಳಿದೆಡೆ ಸಾರಿಗೆ ಮಂಡಳಿಯ ಕೆಂಪು ಬಸ್ಸುಗಳಿವೆ. ನಮ್ಮ ಹಳೆಯ ಕೆಂಪು ಬಸ್ಸುಗಳಲ್ಲಿ ಓಡಾಡಿದವರಿಗೆ ಅವು ಹೊಸತೆನಿಸವು. ಮುಂದಿನ ಸಾಲಿನ ಸೀಟನ್ನು ಭಿಕ್ಷುಗಳಿಗೆ ಬಿಟ್ಟುಕೊಡುವುದು ಅಲ್ಲಿನ ರೂಢಿ. ಆಟೋಗಳನ್ನು ಅಲ್ಲಿ ‘ತ್ರೀವೀಲ್’ ಎನ್ನುತ್ತಾರೆ. ನಗರಗಳಲ್ಲಿ ಪಿಕ್‌ಮಿ ಎಂಬ ಸ್ಥಳೀಯ ಆ್ಯಪ್ ಬಳಸಿದರೆ ದರದ ಜಗಳವಿಲ್ಲ. ಅನುರಾಧಪುರ ಮತ್ತು ಪೊಲೊನ್ನರುವಗಳಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಪೊಲೊನ್ನರುವದ ಅವಶೇಷಗಳ ನಡುವೆ, ಚೋಳರ ಕಾಲದ ಶಿವಾಲಯದಿಂದ ಗಲ್ ವಿಹಾರದ ಮಲಗಿದ ಬುದ್ಧನವರೆಗೆ, ಬೆಳಗಿನ ತಂಪಿನಲ್ಲಿ ಸೈಕಲ್ ತುಳಿಯುವುದಕ್ಕಿಂತ ಸುಖದ ದಾರಿ ಬೇರೊಂದಿಲ್ಲ. ಈ ತಾಣಗಳ ಪ್ರವೇಶದರ ವಿದೇಶೀಯರಿಗೆ ದುಬಾರಿ. ಸಾರ್ಕ್ ದೇಶಗಳ ಪ್ರಜೆಗಳಿಗೆ ಹಲವೆಡೆ ರಿಯಾಯಿತಿಯಿದೆ, ಅದಕ್ಕಾಗಿ ಪಾಸ್‌ಪೋರ್ಟ್ ಕೈಯಲ್ಲಿರಬೇಕು.

ನಾಲ್ಕನೆಯ ಹೆಜ್ಜೆ: ಯಾರ ಮನೆಯಲ್ಲಿ ಮಲಗುವುದು, ಏನು ಉಣ್ಣುವುದು

ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದಲ್ಲಿ ನೋಂದಾಯಿಸಿದ ಹೋಮ್‌ಸ್ಟೇಗಳು ಹಲವು ಊರುಗಳಲ್ಲಿ ಇವೆ. ಆರಿಸುವಾಗ ‘ಪರಿಸರಸ್ನೇಹಿ’ ಎಂಬ ಫಲಕಕ್ಕೆ ಮರುಳಾಗದೆ ಮೂರು ಪ್ರಶ್ನೆಗಳನ್ನು ಕೇಳಿ: ಮನೆಯವರು ಅಲ್ಲೇ ವಾಸವಿದ್ದಾರೆಯೇ, ಕುಡಿಯುವ ನೀರನ್ನು ಕಾಯಿಸಿ ಅಥವಾ ಸೋಸಿ ತುಂಬಿಸಿಕೊಡುತ್ತಾರೆಯೇ, ಕಸ ಎಲ್ಲಿಗೆ ಹೋಗುತ್ತದೆ. ಮೂರನೆಯದಕ್ಕೆ ಸಿಗುವ ಉತ್ತರ, ಅಥವಾ ಉತ್ತರಿಸುವವರ ತಡವರಿಕೆ, ಉಳಿದದ್ದನ್ನೆಲ್ಲ ಹೇಳಿಬಿಡುತ್ತದೆ. ಎಸಿ ಇಲ್ಲದ ಕೋಣೆ ಬೆಟ್ಟದಲ್ಲಿ ಧಾರಾಳವಾಗಿ ಸಾಕು. ಜಾಫ್ನಾದ ಮೇ ತಿಂಗಳಿನಲ್ಲಿ ಅದು ವ್ರತವಾಗುತ್ತದೆ, ಅಂಥ ವ್ರತವನ್ನು ಯಾರ ಮೇಲೂ ಹೇರುವ ಉದ್ದೇಶ ನನಗಿಲ್ಲ.

ಊಟದ ವಿಷಯಕ್ಕೆ ಬಂದರೆ, ಬಫೆ ಇಡುವ ಪ್ರವಾಸಿ ಹೋಟೆಲುಗಳಲ್ಲಿ ಶ್ರೀಲಂಕೆಯ ಅಡುಗೆ ತನ್ನ ಖಾರವನ್ನೂ ಗುಣವನ್ನೂ ಕಳೆದುಕೊಂಡಿರುತ್ತದೆ. ಮಧ್ಯಾಹ್ನ ಅನ್ನದ ಸುತ್ತ ನಾಲ್ಕೈದು ಪಲ್ಯ ಬಡಿಸುವ ಸಣ್ಣ ಅಂಗಡಿಗಳಿಗೆ ಹೋಗಿ: ಎಳೆ ಹಲಸಿನ ‘ಪೊಲೊಸ್’, ತಾವರೆ ದಂಟಿನ ಪಲ್ಯ, ಬದನೆಕಾಯಿ ಪಲ್ಯ, ಕಾಯಿತುರಿಯೊಂದಿಗೆ ಹೆಚ್ಚಿದ ಹಸಿ ಸೊಪ್ಪಿನ ‘ಮಲ್ಲುಂಗ’. ಇದಕ್ಕಿಂತಲೂ ನಾನು ಒತ್ತಿ ಹೇಳುವುದು ‘ಹೆಲ ಬೊಜುನ್’ ಎಂಬ ಮಳಿಗೆಗಳ ಬಗ್ಗೆ. ಕೃಷಿ ಇಲಾಖೆಯ ಆಸರೆಯಲ್ಲಿ ರೈತ ಮಹಿಳೆಯರು ನಡೆಸುವ ಇವುಗಳಲ್ಲಿ ಸ್ಥಳೀಯ ಅಕ್ಕಿ, ರಾಗಿ, ಸೊಪ್ಪುಗಳ ತಿಂಡಿಗಳನ್ನು ಕಣ್ಣೆದುರಿಗೇ ಮಾಡಿಕೊಡುತ್ತಾರೆ. ಬೆಳಗ್ಗೆ ಸೊಪ್ಪಿನ ರಸದ ಗಂಜಿ ‘ಕೊಲ ಕೆಂದ’ ಸಿಗುತ್ತದೆ. ಉತ್ತರದಲ್ಲಿ ಇದೇ ಮಾದರಿಯ ‘ಅಮ್ಮಾಚ್ಚಿ’ ಉಣಿಸುಮನೆಗಳಿವೆ. ಬೆಲೆ ಕಡಿಮೆ, ಹಣ ನೇರವಾಗಿ ಅಡುಗೆ ಮಾಡಿದವರ ಕೈಗೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ತೆಂಗಿನಕಾಯಿ ಚಟ್ನಿಯಂತೆ ಕಾಣುವ ‘ಪೊಲ್ ಸಂಬೋಲ’ದಲ್ಲಿ, ಬೇಳೆ ಸಾರಿನಲ್ಲಿ, ತರಕಾರಿ ಪಲ್ಯದಲ್ಲೂ ಒಣಗಿಸಿದ ಮೀನಿನ ಚೂರು, ಅಂದರೆ ‘ಉಂಬಲಕಡ’, ಬಿದ್ದಿರುತ್ತದೆ. ಅದನ್ನು ಅಡುಗೆಯವರು ಮೀನೆಂದು ಎಣಿಸುವುದಿಲ್ಲ. ‘ಮಸ್ ಎಪಾ, ಮಾಳು ಎಪಾ’ (ಮಾಂಸ ಬೇಡ, ಮೀನು ಬೇಡ) ಎಂದಷ್ಟೇ ಹೇಳಿದರೆ ಸಾಲದು, ‘ಉಂಬಲಕಡ ಎಪಾ’ ಎಂದೂ ಸೇರಿಸಬೇಕು.

ಬಾಟಲಿ ನೀರಿನ ಬದಲು ದಾರಿಯುದ್ದಕ್ಕೂ ಸಿಗುವ ‘ತಂಬಿಲಿ’ ಕುಡಿಯಿರಿ. ಕರಾವಳಿಯವರು ಗೆಂದಾಳಿ ಎನ್ನುವ ಕಿತ್ತಳೆ ಬಣ್ಣದ ಎಳನೀರೇ ಅದು. ಊಟದ ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಮೇಲೆ ‘ಕಿತುಲ್’ ಪಾಕ. ಮಲೆನಾಡು, ಕೊಡಗುಗಳಲ್ಲಿ ಬೈನೆ ಎಂದು ಕರೆಯುವ ಮರದ ಹೂಗೊಂಚಲನ್ನು ಕೊಯ್ದು ಇಳಿಸಿದ ರಸವನ್ನು ಕಾಯಿಸಿದ ಪಾಕ ಇದು. ಇಲ್ಲಿ ಅದು ಹೆಚ್ಚಾಗಿ ಕಳ್ಳಾಗಿ ಮುಗಿಯುತ್ತದೆ, ಅಲ್ಲಿ ಹಳ್ಳಿಗಳ ಬದುಕನ್ನು ಹೊತ್ತಿದೆ. ಸಕ್ಕರೆ ಬೆರೆಸಿದ ಅಗ್ಗದ ಪಾಕಗಳೂ ಮಾರಾಟಕ್ಕಿರುವುದರಿಂದ ಇಳಿಸುವವರ ಮನೆಯಲ್ಲೇ ಕೊಳ್ಳುವುದು ಮೇಲು.

ಐದನೆಯ ಹೆಜ್ಜೆ: ವಿಹಾರ, ಕೋವಿಲು, ಹಬ್ಬ

ದೇವಸ್ಥಾನದ ಶಿಸ್ತು ನಮಗೆ ಗೊತ್ತೆಂಬ ಧೈರ್ಯದಲ್ಲೇ ಕನ್ನಡಿಗರು ಅಲ್ಲಿ ಎಡವುವುದು. ಬೌದ್ಧ ವಿಹಾರದಲ್ಲಿ ಚಪ್ಪಲಿಯ ಜೊತೆಗೆ ಟೋಪಿಯನ್ನೂ ತೆಗೆಯಬೇಕು, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಬಿಳಿ ಬಟ್ಟೆಯಾದರೆ ಒಳ್ಳೆಯದು. ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ಅಪಚಾರ. ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಲ್ಲ: ಮೂರ್ತಿಗೆ ಮುತ್ತಿಡುವಂತೆ ಚಿತ್ರ ತೆಗೆಸಿಕೊಂಡ ಫ್ರೆಂಚ್ ಪ್ರವಾಸಿಗರಿಗೆ 2012ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು, ತೋಳಿನ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಮಹಿಳೆಯೊಬ್ಬರನ್ನು 2014ರಲ್ಲಿ ಗಡೀಪಾರು ಮಾಡಲಾಯಿತು. ಬುದ್ಧನ ಚಿತ್ರವಿರುವ ಅಂಗಿ, ಚೀಲಗಳನ್ನು ಮನೆಯಲ್ಲೇ ಬಿಟ್ಟುಹೋಗಿ.

ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ರಜಾದಿನ. ಅಂದು ಮದ್ಯ, ಮಾಂಸ ಮಾರುವಂತಿಲ್ಲ. ಪ್ರವಾಸಿ ಇದನ್ನು ಅಡ್ಡಿಯೆಂದು ತಿಳಿಯದೆ ಅಂದು ಹತ್ತಿರದ ಯಾವುದಾದರೂ ಸಾಧಾರಣ ವಿಹಾರಕ್ಕೆ ಹೋಗಬೇಕು. ಬಿಳಿಯುಟ್ಟು, ಹಗಲಿಡೀ ಶೀಲ (ಬೌದ್ಧರ ವ್ರತನಿಯಮ) ಹಿಡಿದು ಬೋಧಿವೃಕ್ಷದ ಕಟ್ಟೆಯಲ್ಲಿ ಕುಳಿತ ಅಜ್ಜಿಯರನ್ನು ಕಾಣುವುದು ಅಂದೇ. ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಕಾಗದದ ಗೂಡುದೀಪಗಳು ಬೀದಿ ತುಂಬುತ್ತವೆ, ದಾರಿಹೋಕರನ್ನು ಕರೆದು ಉಚಿತ ಊಟ ಹಾಕುವ ‘ದಾನ್ಸಲ’ಗಳು ನಿಲ್ಲುತ್ತವೆ. ಸಾಲಿನಲ್ಲಿ ನಿಂತು ಉಂಡು ಹೋಗಿ. ಹಣ ಕೊಡಲು ಹೋಗುವುದು ಅವರಿಗೆ ಬೇಸರ ತರಬಹುದು. ಜೂನ್‌ನ ಪೊಸೊನ್ ಹುಣ್ಣಿಮೆಗೆ, ಅಶೋಕನ ಮಗನೆಂದು ಸಂಪ್ರದಾಯ ಹೇಳುವ ಮಹಿಂದ ಬಂದಿಳಿದ ಮಿಹಿಂತಲೆಯ ಬೆಟ್ಟಕ್ಕೆ ಜನಸಾಗರ ಹರಿಯುತ್ತದೆ.

ಕ್ಯಾಂಡಿಯ ಎಸಲ ಪೆರಹೆರ ಜುಲೈ, ಆಗಸ್ಟ್‌ಗಳಲ್ಲಿ ಹತ್ತು ದಿನ ನಡೆಯುತ್ತದೆ. ಮೈಸೂರಿನ ಜಂಬೂ ಸವಾರಿ ಕಂಡವರಿಗೆ ಆನೆಗಳ ಸಾಲು ಅಷ್ಟೇನೂ ಅಚ್ಚರಿ ತರದು. ಅಚ್ಚರಿಯಿರುವುದು ಚಾಟಿ ಬೀಸುವವರಲ್ಲಿ, ಪಂಜಿನವರಲ್ಲಿ, ‘ವೆಸ್’ ಕಿರೀಟ ತೊಟ್ಟು ‘ಗೆಟ ಬೆರ’ ಎಂಬ ಮದ್ದಳೆಯ ಪೆಟ್ಟಿಗೆ ಕುಣಿಯುವ ನರ್ತಕರಲ್ಲಿ. ಬಾಲ್ಕನಿಯ ಕುರ್ಚಿಗಳನ್ನು ದುಬಾರಿ ಬೆಲೆಗೆ ಮಾರುತ್ತಾರೆ. ಊರಿನವರು ಮಧ್ಯಾಹ್ನವೇ ಚಾಪೆ ಹಿಡಿದು ಪಾದಚಾರಿ ಹಾದಿಯಲ್ಲಿ ಜಾಗ ಹಿಡಿಯುತ್ತಾರೆ, ಬುತ್ತಿ ಬಿಚ್ಚುತ್ತಾರೆ. ನೀವೂ ಅಲ್ಲೇ ಕುಳಿತರೆ ಮೆರವಣಿಗೆ ಬರುವ ಮುನ್ನವೇ ಹಬ್ಬ ಅರ್ಧ ಆಗಿರುತ್ತದೆ. ಹೆಚ್ಚಿನವರು ಕೊನೆಯ ರಾತ್ರಿಗೆ ಮುಗಿಬೀಳುವುದರಿಂದ ಆರಂಭದ ದಿನಗಳನ್ನು ಆರಿಸಿಕೊಳ್ಳಿ.

ಶ್ರೀಪಾದ 2,243 ಮೀಟರ್ ಎತ್ತರದ ಬೆಟ್ಟ. ಅದರ ತುದಿಯ ಗುರುತು ಬೌದ್ಧರಿಗೆ ಬುದ್ಧನ ಹೆಜ್ಜೆ, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೂ ಕ್ರೈಸ್ತರಲ್ಲಿ ಕೆಲವರಿಗೂ ಆದಮನದು. ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆಯವರೆಗೆ ಯಾತ್ರಾಕಾಲ. ವಾರಾಂತ್ಯ ಮತ್ತು ಪೋಯ ದಿನಗಳನ್ನು ಬಿಟ್ಟು ಹತ್ತಿ, ಐದು ಸಾವಿರಕ್ಕೂ ಹೆಚ್ಚಿನ ಮೆಟ್ಟಿಲ ದಾರಿಯಲ್ಲಿ ಬಿಸ್ಕತ್ತಿನ ಹೊದಿಕೆಯೊಂದನ್ನೂ ಬಿಡದೆ ಇಳಿಯಿರಿ.

ಆರನೆಯ ಹೆಜ್ಜೆ: ಪ್ರಾಣಿಗಳನ್ನು ನೋಡುವ ಬಗೆ

ಈ ಭಾಗದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಆನೆಯ ಮೇಲೆ ಕೂರಬೇಡಿ, ಆನೆಗೆ ಸ್ನಾನ ಮಾಡಿಸುವ ‘ಅನುಭವ’ಕ್ಕೆ ಹಣ ಕೊಡಬೇಡಿ. ಸಾವಿರಾರು ಕಾಡಾನೆಗಳಿರುವ ದೇಶದಲ್ಲಿ ಸರಪಳಿಯ ಆನೆಯನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಉಡವಲವೆಯಲ್ಲಿ 1995ರಿಂದ ನಡೆಯುತ್ತಿರುವ ಆನೆಮರಿಗಳ ತಂಗುದಾಣವಿದೆ. ತಾಯಿಯಿಲ್ಲದ ಮರಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ಕೆಲಸ ಅಲ್ಲಿನದು. ಹಾಲೂಡಿಸುವ ಹೊತ್ತಿನಲ್ಲಿ ದೂರದ ಕಟ್ಟೆಯಿಂದ ನೋಡಬಹುದು, ಮುಟ್ಟುವಂತಿಲ್ಲ. ಮುಟ್ಟಲು ಬಿಡದಿರುವುದೇ ಒಳ್ಳೆಯ ಸಂಸ್ಥೆಯ ಗುರುತು.

ಮೂರನೆಯ ಶತಮಾನದಲ್ಲಿ ರಾಜ ಮಹಾಸೇನ ಕಟ್ಟಿಸಿದ ಮಿನ್ನೇರಿಯ ಕೆರೆಯ ನೀರು ಬೇಸಿಗೆಯಲ್ಲಿ ಇಳಿದಾಗ, ಅಂಗಳದಲ್ಲಿ ಚಿಗುರುವ ಹುಲ್ಲಿಗೆ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ನೂರಾರು ಆನೆಗಳು ಸೇರುತ್ತವೆ. ಇತ್ತೀಚೆಗೆ ಮೇಲಿನ ಜಲಾಶಯದಿಂದ ನೀರು ಬಂದು ಕೆರೆ ತುಂಬಿಯೇ ಇರುವ ವರ್ಷಗಳೂ ಉಂಟು. ಆಗ ಹುಲ್ಲು ಮುಳುಗಿ ಆನೆಗಳು ಕೌಡುಲ್ಲ, ಹುರುಳು ಎಂಬ ಕಾಡುಗಳಿಗೆ ಸರಿಯುತ್ತವೆ. ಯಾವ ಕಾಡಿಗೆ ಹೋಗಬೇಕೆಂಬುದನ್ನು ಮೊದಲೇ ನಿರ್ಧರಿಸದೆ, ಅಂದಿನ ಮಧ್ಯಾಹ್ನ ಸ್ಥಳೀಯರನ್ನು ಕೇಳಿಯೇ ಹೊರಡಿ. ಜೀಪು ಗೊತ್ತುಮಾಡುವಾಗ ಚಾಲಕನಿಗೆ ಎರಡು ಮಾತು ಹೇಳಿ: ಆನೆಯ ದಾರಿಗೆ ಅಡ್ಡ ಹಾಕುವುದು ಬೇಡ, ಬೇರೆ ಜೀಪುಗಳು ಮುತ್ತಿಕೊಂಡಲ್ಲಿಗೆ ಓಡುವುದು ಬೇಡ. ಅವರು ಹಾಗೆ ಓಡುವುದು ಬಹುತೇಕ ಪ್ರವಾಸಿಗರ ಒತ್ತಾಯಕ್ಕೆ. ನಿಮಗೆ ಬೇಡವೆಂದು ತಿಳಿದರೆ ಅವರಿಗೂ ಸಮಾಧಾನ. ಚಿರತೆಗೆ ಹೆಸರಾದ ಯಾಲ ರಾಷ್ಟ್ರೀಯ ಉದ್ಯಾನದ ಒಂದನೆಯ ವಿಭಾಗದಲ್ಲಿ ಜೀಪುಗಳ ಸಂತೆಯೇ ನೆರೆಯುತ್ತದೆ. ಅದರ ಬದಲು 1,300 ಚದರ ಕಿಲೋಮೀಟರ್ ಮೀರಿದ ವಿಲ್ಪತ್ತುವಿಗೆ ಹೋಗಿ. ಚಿರತೆ ಕಾಣುವ ಖಾತರಿಯಿಲ್ಲ, ಕಾಡು ಕಾಣುವ ಖಾತರಿಯಿದೆ.

ಬುತ್ತಲ–ಕತರಗಾಮ ರಸ್ತೆಯಲ್ಲಿ ಕಾಡಾನೆಗಳು ವಾಹನಗಳನ್ನು ತಡೆದು ನಿಲ್ಲುತ್ತವೆ. ಬಾಳೆಹಣ್ಣು, ಕಬ್ಬು ಎಸೆದು ಎಸೆದು ಕಲಿಸಿದ ಚಾಳಿ ಅದು, ಕೊನೆಗೆ ಪ್ರಾಣ ತೆರುವುದು ಊರಿನವರು ಅಥವಾ ಆನೆಗಳೇ. ಬಂಡೀಪುರದ ದಾರಿಯಲ್ಲಿ ಇದೇ ಪಾಠವನ್ನು ಕಲಿಯುತ್ತಿರುವ ನಾವು ಅಲ್ಲಿ ಗಾಜು ಏರಿಸಿ ಮುಂದೆ ಸಾಗೋಣ.

ಕಡಲಿನಲ್ಲೂ ನಿಯಮ ಬೇರೆಯಲ್ಲ. ಮಿರಿಸ್ಸದ ಕಡಲಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲಗಳು ಕಾಣುತ್ತವೆ. ದೋಣಿ ಅವುಗಳಿಂದ ನೂರು ಮೀಟರ್ ದೂರವಿರಬೇಕು. ಕಾಯ್ದಿರಿಸುವ ಮೊದಲೇ ಈ ಅಂತರದ ಬಗ್ಗೆ ಕೇಳಿ, ‘ಎಷ್ಟು ಹತ್ತಿರ ಬೇಕಾದರೂ ಕರೆದೊಯ್ಯುತ್ತೇವೆ’ ಎನ್ನುವವರನ್ನು ಬಿಡಿ. ಐದು ಜಾತಿಯ ಕಡಲಾಮೆಗಳು ಈ ದ್ವೀಪದ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ದಕ್ಷಿಣ ಕರಾವಳಿಯ ಮರಿಕೇಂದ್ರಗಳಲ್ಲಿ ಕೆಲವು, ಪ್ರವಾಸಿಗರಿಗೆ ತೋರಿಸಲೆಂದು ಮರಿಗಳನ್ನು ದಿನಗಟ್ಟಲೆ ತೊಟ್ಟಿಯಲ್ಲಿ ಇಡುತ್ತವೆ. ಮೊಟ್ಟೆಯೊಡೆದ ಕೂಡಲೇ ಕಡಲಿನತ್ತ ಈಜಲೆಂದು ಮರಿಯ ಮೈಯಲ್ಲಿರುವ ಕಸುವು ತೊಟ್ಟಿಯಲ್ಲೇ ಕರಗಿಹೋಗುತ್ತದೆ. ಮರಿಯನ್ನು ಕೈಯಲ್ಲಿ ಹಿಡಿದುಕೊಡುವ ಜಾಗಕ್ಕೆ ಹೋಗದೆ, ತಂಗಲ್ಲೆ ಬಳಿಯ ರೆಕವ ತೀರದಲ್ಲಿ ರಾತ್ರಿ ದೀಪವಿಲ್ಲದೆ ಕಾದು ನೋಡಿ.

1988ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸಿಂಹರಾಜ ಕಾಡಿಗೆ ಹಳ್ಳಿಯ ಮಾರ್ಗದರ್ಶಿಯೊಡನೆ ನಡೆದೇ ಹೋಗಬೇಕು. ಇಂಬಳಗಳ ಕಾಟವಿದೆ. ಮಲೆನಾಡಿನವರಿಗೆ ಇದರ ಬಗ್ಗೆ ಹೇಳಿಕೊಡಬೇಕಾದ್ದಿಲ್ಲ.

ಏಳನೆಯ ಹೆಜ್ಜೆ: ಚಹಾ ಬೆಟ್ಟದಲ್ಲಿ

ಕಾಫಿ ಬೆಳೆ ಎಲೆತುಕ್ಕು ರೋಗಕ್ಕೆ ನಾಶವಾದ ಮೇಲೆ ಈ ಬೆಟ್ಟಗಳನ್ನು ಚಹಾ ಆವರಿಸಿತು. ಮೊದಲ ವಾಣಿಜ್ಯ ತೋಟವನ್ನು ಜೇಮ್ಸ್ ಟೇಲರ್ 1867ರಲ್ಲಿ ಲೂಲೆಕಂದೆರದಲ್ಲಿ ಹಾಕಿದ. ದುಡಿಯಲು ತಮಿಳುನಾಡಿನಿಂದ ಕರೆತಂದವರ ಸಂತತಿಯನ್ನು 1948ರ ಪೌರತ್ವ ಕಾಯ್ದೆ ನಾಡಿಲ್ಲದವರನ್ನಾಗಿ ಮಾಡಿತು, ಅದು ಬಗೆಹರಿಯಲು ದಶಕಗಳೇ ಬೇಕಾದವು. 2024ರಲ್ಲಿ ಅವರ ಕನಿಷ್ಠ ದಿನಗೂಲಿ 1,350 ಶ್ರೀಲಂಕಾ ರೂಪಾಯಿ ಎಂದು ನಿಗದಿಯಾಯಿತು; ನಮ್ಮ ಲೆಕ್ಕದಲ್ಲಿ ನಾನೂರಕ್ಕೂ ಕಡಿಮೆ. ಬುಟ್ಟಿ ಹೊತ್ತು ಚಹಾ ಕೊಯ್ಯುವವಳ ವೇಷ ತೊಟ್ಟು ಫೋಟೋ ತೆಗೆಸಿಕೊಳ್ಳುವ ಮೊದಲು ಈ ಅಂಕಿಯನ್ನು ಒಮ್ಮೆ ನೆನೆಯಬೇಕು.

ಈ ಸೀಮೆಯನ್ನು ಅರಿಯಲು ಒಳ್ಳೆಯ ದಾರಿ ಪೆಕೊ ಟ್ರೇಲ್. ಕ್ಯಾಂಡಿಯ ಬಳಿಯಿಂದ ನುವರ ಎಲಿಯದವರೆಗೆ ತೋಟ, ಹಳ್ಳಿ, ಕಾಡುಗಳ ನಡುವೆ 300 ಕಿಲೋಮೀಟರ್ ಮೀರಿ ಸುತ್ತುವ, 22 ಹಂತಗಳ ಕಾಲುದಾರಿ ಇದು. ಎಲ್ಲವನ್ನೂ ನಡೆಯಬೇಕಿಲ್ಲ; ಹಪುತಲೆಯಲ್ಲಿ ನಿಂತು ಎರಡು ಹಂತ ನಡೆದರೆ ಸಾಕು. ಪರವಾನಗಿಯ ನಿಯಮ ಮತ್ತು ದಾರಿಯ ಸ್ಥಿತಿಯನ್ನು ಮುಂಚಿತವಾಗಿ ವಿಚಾರಿಸಿ. ತೋಟದ ಲೈನ್ ಮನೆಗಳ ಒಳಗೆ ಇಣುಕುವುದು, ಅಲ್ಲಿನ ಮಕ್ಕಳಿಗೆ ಪೆನ್ನು ಚಾಕೊಲೇಟ್ ಹಂಚುವುದು ಬೇಡ. ಲೈನಿನ ಕೊನೆಯ ಚಹಾದಂಗಡಿಯಲ್ಲಿ ಕುಳಿತು ತಮಿಳಿನಲ್ಲಿ ನಾಲ್ಕು ಮಾತಾಡಿದರೆ, ಬೆಂಗಳೂರಿನವರೆಂದು ತಿಳಿದ ಕೂಡಲೇ ಮಾತು ತಾನಾಗಿ ಬೆಳೆಯುತ್ತದೆ. ಹಾರ್ಟನ್ ಬಯಲಿಗೆ ಹೋಗುವವರ ಚೀಲಗಳನ್ನು ಬಾಗಿಲಲ್ಲೇ ತಪಾಸಿಸಿ ಪಾಲಿಥಿನ್ ತೆಗೆಸುತ್ತಾರೆ. ಬುತ್ತಿಯನ್ನು ಡಬ್ಬಿಯಲ್ಲಿ ಒಯ್ಯಿರಿ.

ಎಂಟನೆಯ ಹೆಜ್ಜೆ: ಜಾಫ್ನಾದಲ್ಲಿ ಬಾಯಿಗಿಂತ ಕಿವಿ ಮುಂದಿರಲಿ

ನಲ್ಲೂರು ಕಂದಸ್ವಾಮಿ ಕೋವಿಲಿಗೆ ಗಂಡಸರು ಅಂಗಿ ಕಳಚಿ ಹೋಗಬೇಕು. ಕರಾವಳಿಯ ದೇಗುಲಗಳಲ್ಲಿ ರೂಢಿಯಾದವರಿಗೆ ಇದು ಹೊಸದಲ್ಲ. ಜುಲೈ, ಆಗಸ್ಟ್‌ಗಳಲ್ಲಿ ನಡೆಯುವ 25 ದಿನಗಳ ಉತ್ಸವದಲ್ಲಿ ರಥ ಎಳೆಯುವುದು 24ನೆಯ ದಿನ. ನಾಡಿನ ಹೊರಗೆ ನೆಲೆಸಿದ ತಮಿಳರು ಊರಿಗೆ ಮರಳುವ ಕಾಲವಾದ್ದರಿಂದ ವಸತಿಯನ್ನು ಬಹಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕುರಿಕಟ್ಟುವಾನ್ ಜೆಟ್ಟಿಯಿಂದ ದೋಣಿಯಲ್ಲಿ ನೈನಾತೀವಿಗೆ ಹೋದರೆ ನಾಗಪೂಷಣಿ ಅಮ್ಮನ ಗುಡಿ ಮತ್ತು ನಾಗದೀಪ ವಿಹಾರ ಒಂದೇ ಪುಟ್ಟ ದ್ವೀಪದಲ್ಲಿವೆ. ಒಂದೇ ದೋಣಿಯಲ್ಲಿ ಎರಡೂ ಕಡೆಯ ಭಕ್ತರು ಇರುತ್ತಾರೆ.

ಜಾಫ್ನಾ ಸಾರ್ವಜನಿಕ ಗ್ರಂಥಾಲಯವನ್ನು 1981ರ ಜೂನ್ ಆರಂಭದಲ್ಲಿ ಸುಟ್ಟಾಗ ತೊಂಬತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳೂ ತಾಳೆಗರಿಗಳೂ ಬೂದಿಯಾದವು. ಮತ್ತೆ ಕಟ್ಟಿ ನಿಲ್ಲಿಸಿದ ಆ ಬಿಳಿಯ ಕಟ್ಟಡ ಇಂದು ಓದುಗರಿಂದ ತುಂಬಿರುತ್ತದೆ. ಅದು ಸ್ಮಾರಕವಲ್ಲ, ಗ್ರಂಥಾಲಯ. ಪ್ರವಾಸಿಗರಿಗೆ ಬಿಡುವ ಹೊತ್ತನ್ನು ಬಾಗಿಲಲ್ಲಿ ಕೇಳಿ, ಒಳಗೆ ಕ್ಯಾಮರಾ ಎತ್ತದೆ ನಡೆಯಿರಿ. ಯುದ್ಧದ ಬಗ್ಗೆ ನೀವಾಗಿ ಪ್ರಶ್ನೆ ಎತ್ತಬೇಡಿ. ಮನೆಯವರಿಗೆ ಹೇಳಬೇಕೆನಿಸಿದರೆ ಎರಡನೆಯ ರಾತ್ರಿ ಊಟವಾದ ಮೇಲೆ ಅವರೇ ಹೇಳುತ್ತಾರೆ, ಮೂರು ರಾತ್ರಿ ನಿಲ್ಲಬೇಕೆಂದು ಆರಂಭದಲ್ಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಒಂಬತ್ತನೆಯ ಹೆಜ್ಜೆ: ಹಣ ಮತ್ತು ಕೊಳ್ಳುವ ವಸ್ತುಗಳು

2024ರ ಫೆಬ್ರವರಿಯಿಂದ ಶ್ರೀಲಂಕೆಯಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಆದರೆ ಹಳ್ಳಿಯ ಅಂಗಡಿ, ಬಸ್ಸು, ಎಳನೀರಿನವರಿಗೆ ನಗದೇ ಬೇಕು. ಕೊಗ್ಗಲದ ಕಡಲಲ್ಲಿ ಕಂಬದ ಮೇಲೆ ಕುಳಿತ ಮೀನುಗಾರರು ಬಹುಮಟ್ಟಿಗೆ ಫೋಟೋಗಾಗಿಯೇ ಕೂರುವವರು. ಚಿತ್ರ ತೆಗೆದರೆ ಕೂಲಿ ಕೊಡಬೇಕು, ಅದನ್ನು ಮೋಸವೆಂದು ಕರೆಯುವುದು ಸರಿಯಲ್ಲ, ಅದೂ ಒಂದು ಹೊಟ್ಟೆಪಾಡು.

ಕರಕುಶಲ ವಸ್ತುಗಳನ್ನು ಮಾಡುವವರ ಊರಲ್ಲೇ ಕೊಳ್ಳಿ: ಅಂಬಲಂಗೊಡದಲ್ಲಿ ಹಗುರ ಕದುರು ಮರದ ಮುಖವಾಡ, ಗಾಲೆಯಲ್ಲಿ ‘ಬೀರಲು’ ಲೇಸು, ಕ್ಯಾಂಡಿಯ ಸಮೀಪದ ಹೇನವಲದಲ್ಲಿ ನಾರಿನ ದುಂಬರ ಚಾಪೆ. ಈ ಚಾಪೆಯ ನೇಯ್ಗೆ 2021ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿದೆ, ನೇಯುವ ಕುಟುಂಬಗಳು ಮಾತ್ರ ಕಡಿಮೆಯಾಗುತ್ತಿವೆ. ಮಗ್ಗದ ಮುಂದೆ ಕುಳಿತು ಒಂದು ಗಂಟೆ ನೋಡಿದವರು ಚೌಕಾಸಿ ಮಾಡಲಾರರು. ಊರೂರು ಸುತ್ತಲು ಬಿಡುವಿಲ್ಲದವರಿಗೆ ಸರ್ಕಾರದ ಲಕ್‌ಸಲ ಮಳಿಗೆಗಳಿವೆ. ಹವಳ, ಆಮೆಚಿಪ್ಪಿನ ವಸ್ತುಗಳನ್ನು ಮುಟ್ಟಬೇಡಿ. ಐವತ್ತು ವರ್ಷಕ್ಕಿಂತ ಹಳೆಯದೆಂದು ಮಾರುವ ವಿಗ್ರಹ, ತಾಳೆಗರಿಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ನಿಜವಾಗಿಯೂ ಹಳೆಯದಾದರೆ ಕಸ್ಟಮ್ಸ್‌ನವರು ಹಿಡಿಯುತ್ತಾರೆ, ಹಿಡಿಯದಿದ್ದರೆ ಅದು ಹೋದ ತಿಂಗಳು ಮಾಡಿದ್ದೇ ಇರಬೇಕು. ದರದಲ್ಲಿ ವಂಚನೆಯಾದರೆ, ಕಿರುಕುಳವಾದರೆ 1912ಕ್ಕೆ ಕರೆ ಮಾಡಿ. ಅದು ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ಸಹಾಯವಾಣಿ.